ಹಿಮ್ಮಡಿಯ ಲೆಕ್ಕ

ಉಡುಪಿನ ಚರಿತ್ರೆ ಬರೆಯುವವರು ರಾಜರ ನಿಲುವಂಗಿಯನ್ನೂ ರಾಣಿಯರ ಮೇಲುಹೊದಿಕೆಯನ್ನೂ ಮನಸಾರೆ ವರ್ಣಿಸಿ, ಕಾಲಿನ ಹತ್ತಿರ ಬರುವಷ್ಟರಲ್ಲಿ ದಣಿದುಬಿಡುತ್ತಾರೆ. ಆದರೆ ಕೈಹೆಣಿಗೆಯಲ್ಲಿ ಕಾಲುಚೀಲದಷ್ಟು ಜಾಣತನ ಬೇಡುವ ವಸ್ತು ಇನ್ನೊಂದಿಲ್ಲ. ನೆಟ್ಟಗೆ ಇಳಿದು ಬಂದ ಕಾಲು ಹಿಮ್ಮಡಿಯಲ್ಲಿ ತಟ್ಟನೆ ಮುಂದಕ್ಕೆ ತಿರುಗುತ್ತದಷ್ಟೆ. ಆ ತಿರುವನ್ನು ನೂಲಿನಲ್ಲಿ ಹಿಡಿಯುವುದು ಹೇಗೆಂಬುದೇ ಪ್ರಶ್ನೆ.

ಈಜಿಪ್ಟಿನ ಆಂಟಿನೊಪೊಲಿಸ್ ಪಟ್ಟಣದ ಕಸದ ರಾಶಿಯಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 300ರ ಮಗುವಿನ ಕಾಲುಚೀಲವೊಂದು ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಎಡಗಾಲಿನದು, ಬಣ್ಣಬಣ್ಣದ ಪಟ್ಟೆಗಳ ಉಣ್ಣೆ. ಚಪ್ಪಲಿಯ ಬಾರು ಹಾಯಲೆಂದು ಹೆಬ್ಬೆರಳಿಗೆ ಬೇರೆ ಗೂಡು, ಉಳಿದ ಬೆರಳುಗಳಿಗೆ ಬೇರೆ ಗೂಡು. ಅಷ್ಟೂ ಬಣ್ಣಗಳು ಮೂರೇ ಸಸ್ಯಗಳಿಂದ ಬಂದವೆಂದು 2018ರಲ್ಲಿ ಪರೀಕ್ಷಿಸಿ ತಿಳಿದರು. ಆದರೆ ಇದು ಇಂದಿನ ಹೆಣಿಗೆಯಲ್ಲ. ಒಂದೇ ಸೂಜಿಯಿಂದ ಕುಣಿಕೆಯೊಳಗೆ ಕುಣಿಕೆ ಹಾಯಿಸಿದ ಕೆಲಸ. ಕಡ್ಡಿಗಳ ಮೇಲಿನ ನಿಜವಾದ ಹೆಣಿಗೆ ಅದೇ ದೇಶದಲ್ಲಿ ಕಾಣಿಸುವುದು ಎಷ್ಟೋ ಶತಮಾನಗಳ ಮೇಲೆ, ಮುಸ್ಲಿಮ್ ಅರಸರ ಕಾಲದ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳಲ್ಲಿ.

ಯುರೋಪಿನಲ್ಲಿ ಈ ಕಲೆ ಅರಮನೆಯನ್ನು ಹೊಕ್ಕಿತು. ಫ್ಲಾರೆನ್ಸಿನ ದೊರೆಯ ಮಡದಿ ಎಲಿಯೊನೋರಳನ್ನು 1562ರಲ್ಲಿ ಸಮಾಧಿ ಮಾಡಿದಾಗ ಆಕೆಯ ಕಾಲಿನಲ್ಲಿದ್ದುದು ಕೆಂಪು ರೇಷ್ಮೆಯ ಹೆಣಿಗೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣೆಯುವ ಯಂತ್ರವನ್ನೇ ಕಟ್ಟಿದ. ಎಲಿಜಬೆತ್ ರಾಣಿ ಹಕ್ಕುಪತ್ರ ಕೊಡಲಿಲ್ಲವೆಂದು ಪಾಪ, ಫ್ರಾನ್ಸಿಗೆ ಹೋದ. ಅವನ ಯಂತ್ರ ಹೆಣೆದದ್ದು ಚಪ್ಪಟೆ ಬಟ್ಟೆ. ಆಮೇಲೆ ಅದನ್ನು ಹೊಲಿಯಬೇಕು. ಹೊಲಿಗೆಯಿಲ್ಲದೆ ದುಂಡಗೆ ಹೆಣೆಯುವ ಹೆಚ್ಚುಗಾರಿಕೆ ಕೈಗೇ ಉಳಿಯಿತು.

ಇಷ್ಟಾದರೂ ನಮೂನೆ ಬಹುಕಾಲ ಕಾಗದಕ್ಕೆ ಇಳಿಯಲಿಲ್ಲ. ಕೈಯನ್ನು ನೋಡಿ ಕೈ ಕಲಿಯುತ್ತಿತ್ತು. ಇಂಗ್ಲಿಷಿನಲ್ಲಿ ಅಚ್ಚಾದವುಗಳ ಪೈಕಿ ನಮಗೆ ತಿಳಿದ ಮೊದಲನೆಯದು 1655ರದು. ಅದೂ ಮದ್ದುಗಳ ಪುಸ್ತಕವೊಂದರ ನಡುವೆ! ಕಾಲಿಗೆ ಹಿತವಾದದ್ದೂ ಔಷಧವೇ ಎಂದುಕೊಂಡರೋ ಏನೋ.

ಮೆಚ್ಚಿನ ನಮೂನೆಗಾಗಿ ಹುಡುಕಾಡುವವರು ಮೊದಲು ತಮ್ಮ ಪಾದವನ್ನು ಅಳೆಯಬೇಕು. ಪಾದದ ಸುತ್ತಳತೆ 9 ಅಂಗುಲ, ಅಂಗುಲಕ್ಕೆ 8 ಕುಣಿಕೆ ಎಂದಿಟ್ಟುಕೊಳ್ಳಿ, 72 ಆಯಿತು. ಹೆಣಿಗೆ ಹಿಗ್ಗುವುದರಿಂದ ಹತ್ತರಲ್ಲೊಂದು ಪಾಲು ಕಳೆದು, ಸುಮಾರು 64 ಕುಣಿಕೆಗಳಿಂದ ತೊಡಗುತ್ತಾರೆ. ಅರ್ಧವನ್ನು, ಎಂದರೆ 32ನ್ನು, ಹಿಮ್ಮಡಿಗೆ ಬಿಟ್ಟು ಒಂದು ಪಟ್ಟಿ ಹೆಣೆದು, ಅದರ ತುದಿಯನ್ನು ಬಟ್ಟಲಿನಂತೆ ಬಳಸಿ, ಪಟ್ಟಿಯ ಎರಡು ಅಂಚುಗಳಿಂದಲೂ ಹೊಸ ಕುಣಿಕೆಗಳನ್ನೆತ್ತಿಕೊಂಡು, ಮತ್ತೆ 64ಕ್ಕೆ ಬರುವವರೆಗೆ ಮೆಲ್ಲಮೆಲ್ಲಗೆ ಇಳಿಸುವುದು. ಪಾದದ ಮೇಲುಭಾಗ ಎತ್ತರವಾಗಿರುವವರಿಗೆ ಈ ಪಟ್ಟಿ ಉದ್ದವಿರಬೇಕು. ಚಪ್ಪಟೆ ಪಾದದವರಿಗೆ ಗಿಡ್ಡ. ನೆರೆಮನೆಯಾಕೆ ಹೊಗಳಿದ ನಮೂನೆ ನಮ್ಮ ಕಾಲಿಗೆ ಒಗ್ಗದಿರುವುದು ಸಾಮಾನ್ಯವಾಗಿ ಇಲ್ಲಿಯೇ. ಪುಸ್ತಕವನ್ನು ಬಯ್ದು ಫಲವಿಲ್ಲ.

ಈ ಲೆಕ್ಕ ತಪ್ಪಿದರೆ ಏನಾದೀತೆಂಬುದನ್ನು ಮೊದಲನೆಯ ಮಹಾಯುದ್ಧ ತೋರಿಸಿತು. 1914ರಲ್ಲಿ ಮೇರಿ ರಾಣಿ ಸೈನಿಕರಿಗಾಗಿ 3 ಲಕ್ಷ ಜೊತೆ ಕಾಲುಚೀಲ ಬೇಕೆಂದು ಹೆಂಗಸರನ್ನು ಕೇಳಿಕೊಂಡಳು. ಕಡ್ಡಿ ಹಿಡಿದು ಅರಿಯದವರೂ ಹೆಣೆಯಲು ಕುಳಿತರು. ಅತ್ತ ಕಂದಕಗಳ ತಣ್ಣೀರಿನಲ್ಲಿ ದಿನಗಟ್ಟಲೆ ನಿಂತವರ ಪಾದಗಳು ಊದಿ, ಮರಗಟ್ಟಿ, ಕೊಳೆತು, ಕೆಲವರಿಗೆ ಕಾಲನ್ನೇ ಕತ್ತರಿಸಬೇಕಾಯಿತು. ಅಲ್ಲಿ ಬಿಗಿಯಾದ ಚೀಲವೆಂದರೆ ರಕ್ತದ ಓಟಕ್ಕೆ ಅಡ್ಡಿ. ಬೆರಳ ತುದಿಯಲ್ಲಿ ಉಬ್ಬಿದ ಹೊಲಿಗೆಯೆಂದರೆ ಬೂಟಿನೊಳಗೆ ಗುಳ್ಳೆ.

ಆ ಉಬ್ಬು ಬಾರದಂತೆ ಕೊನೆಯ ಕುಣಿಕೆಗಳನ್ನು ಎದುರುಬದುರು ಹಿಡಿದು ದಬ್ಬಣದಿಂದ ಬೆಸೆಯುವ ಕ್ರಮಕ್ಕೆ ಕಿಚನರ್ ಹೊಲಿಗೆ ಎಂದು ಹೆಸರು. ನಮ್ಮಲ್ಲಿ ಸೇನಾಪತಿಯಾಗಿದ್ದು, ಕರ್ಜನ್ನನೊಡನೆ ಜಗಳವಾಡಿ ಗೆದ್ದ ಕಿಚನರನೇ ಆಗ ಬ್ರಿಟನ್ನಿನ ಯುದ್ಧಮಂತ್ರಿ. ಹೊಲಿಗೆ ಅವನಿಗಿಂತ ಹಳೆಯದು. ಹೆಸರು ಮಾತ್ರ ಅಂಟಿಕೊಂಡಿತು. 1916ರ ಜೂನ್ ತಿಂಗಳಲ್ಲಿ ಅವನು ಆರ್ಕ್ನಿ ದ್ವೀಪಗಳ ಬಳಿ ಹಡಗಿನೊಡನೆ ಮುಳುಗಿಹೋದ. ಕಾಲುಚೀಲ ಹೆಣೆಯುವವರು ಇಂದಿಗೂ ಕೆಲಸ ಮುಗಿಸುವ ಹೊತ್ತಿಗೆ ಅವನ ಹೆಸರೆತ್ತುತ್ತಾರೆ.