ಮಾದಪ್ಪನ ಹೆಸರು, ಗಿಟಾರಿನ ದನಿ

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಅಭ್ಯಾಸ ಮಾಡಿದ್ದು ಭರತನಾಟ್ಯ. ಗಿಟಾರು ಮಾತ್ರ ಸ್ವಂತ ಕಲಿಕೆ. ಮೊದಲು 'ಅಂತರಾಗ್ನಿ' ತಂಡ, ಆಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'.

2008ರಲ್ಲಿ 'ಸೈಕೋ' ಚಿತ್ರಕ್ಕೆ ಅವರು ಸಂಗೀತ ಕೊಟ್ಟು, ತಾವೇ ಹಾಡಿದ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಮನೆಮಾತಾಯಿತು. ಚಿತ್ರವನ್ನು ನೋಡದವರಿಗೂ ಹಾಡು ಗೊತ್ತು. ಕಾರಣ ಊಹಿಸುವುದು ಕಷ್ಟವಲ್ಲ: ಜನ ಮಲೆ ಮಾದಪ್ಪ ಎಂದು ಕರೆಯುವ ಈ ಮಹದೇಶ್ವರ ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯವರಿಗೆ ಹೊಸಬನಲ್ಲ. ಅವನ ಭಕ್ತಗಾಯಕರಾದ ದೇವರಗುಡ್ಡರು ಕಂಚಿನ ತಾಳವಾದ ಕಂಸಾಳೆ ಬಡಿಯುತ್ತ ಅವನ ಕಥೆಯನ್ನು ರಾತ್ರಿಯಿಡೀ ಹಾಡುವ ಸೀಮೆ ಇದು. ಪ್ರೇಮಿಯ ಅಳಲನ್ನು ಆ ದೇವರ ಮುಂದಿಟ್ಟು, ರಾಕ್ ಸಂಗೀತದ ಬಿರುಸಿನಲ್ಲಿ ಹಾಡಿದ್ದೇ ಹೊಸತು.

ಅದೇ ವರ್ಷ ತಂಡದ ಮೊದಲ ಆಲ್ಬಮ್ ಹೊರಬಂತು. ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ ಅದನ್ನು ಪ್ರಕಟಿಸಿತು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಅದರಲ್ಲಿವೆ. ಶರೀಫರನ್ನು ಸಿ. ಅಶ್ವತ್ಥ್ ಅವರ ಕಂಠದಲ್ಲೇ ಕೇಳಿದ್ದವರು ಆರಂಭದಲ್ಲಿ ಹುಬ್ಬೇರಿಸಿದ್ದರೆ ಅಚ್ಚರಿಯಿಲ್ಲ.

ಆಮೇಲೆ ತಂಡ ಬ್ರಿಟನ್ನಿನ ವೇದಿಕೆಗಳನ್ನೂ ಏರಿತು: 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಅವರ ವೇದಿಕೆಯ ಗುರುತಾದವು.