ಕೂಸಿನ ತೂಕದ ಲೆಕ್ಕ

ಉಸಿರು ನಿಂತ ಜೀವವನ್ನು ಮರಳಿ ತರುವ ವಿದ್ಯೆಯ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ದೊಡ್ಡ ಸಂಗತಿಗಳನ್ನೇ ಹಿಡಿದು ನಡೆಯುತ್ತಾರೆ. ನೀರಿನಲ್ಲಿ ಮುಳುಗಿದವರನ್ನು ಬದುಕಿಸಲೆಂದು 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಸಂಘವನ್ನೂ, ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತವನ್ನು ಹರಿಸಬಹುದೆಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದ ಲೇಖನವನ್ನೂ ಮೈಲಿಗಲ್ಲುಗಳೆಂದು ತೋರಿಸುತ್ತಾರೆ. ಅದು ಯುಕ್ತವೇ. ಆದರೆ ಮಕ್ಕಳ ಮಟ್ಟಿಗೆ ಈ ಚರಿತ್ರೆಗೆ ಇನ್ನೊಂದು ಒಳದಾರಿಯುಂಟು. ಅದು ಗುಣಾಕಾರದ ದಾರಿ, ದಶಾಂಶದ ಚುಕ್ಕೆಯ ದಾರಿ.

ಪ್ರೌಢನ ಹೃದಯವು ಸ್ತಬ್ಧವಾದಾಗ ಕೊಡಬೇಕಾದ ಅಡ್ರಿನಲಿನ್ ಒಂದು ಮಿಲಿಗ್ರಾಂ; ಅವನು ಕೃಶನೋ ಸ್ಥೂಲನೋ ಎಂದು ಯಾರೂ ಕೇಳುವುದಿಲ್ಲ. ಮಗುವಿಗಾದರೋ ತೂಕದ ಪ್ರತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಶಿಶುವಿಗೆ 0.1 ಮಿಲಿಗ್ರಾಂ ಸಾಕು; ಒಂದು ಮಿಲಿಗ್ರಾಮಿನ ಪುಟ್ಟ ಗಾಜಿನ ಆಂಪೂಲನ್ನು ಒಡೆದು, ಹತ್ತು ಮಿಲಿಲೀಟರಿಗೆ ತೆಳುಮಾಡಿ, ಅದರಲ್ಲಿ ಒಂದನ್ನು ಮಾತ್ರ ಸಿರಿಂಜಿಗೆ ಎಳೆಯಬೇಕು. ಮನೆಯಲ್ಲಿ ಕುಳಿತು ಓದುವವರಿಗೆ ಇದು ಮೂರನೆಯ ತರಗತಿಯ ಲೆಕ್ಕ. ಒಬ್ಬರು ನಿಮಿಷಕ್ಕೆ ನೂರಕ್ಕೆ ಕಡಮೆಯಿಲ್ಲದಂತೆ ಎದೆಯನ್ನೊತ್ತುತ್ತಿರುವಾಗ, ಇನ್ನೊಬ್ಬರು ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದಿರುವಾಗ, ಮತ್ತೊಬ್ಬರು ಹೊತ್ತನ್ನು ಬರೆದುಕೊಳ್ಳುತ್ತಿರುವಾಗ, ಬಾಗಿಲಿನ ಆಚೆ ತಾಯಿಯ ಕೂಗು ಕೇಳಿಸುತ್ತಿರುವಾಗ ಅದೇ ಲೆಕ್ಕವನ್ನು ಮಾಡಬೇಕಾದ ನರ್ಸಿನ ಕೈಯಲ್ಲಿ ಚುಕ್ಕೆಯು ಒಂದು ಸ್ಥಾನ ಜರುಗಿದರೆ ಮಗುವಿಗೆ ಹತ್ತುಪಟ್ಟು ಔಷಧ ಸೇರಿಹೋಗುತ್ತದೆ. ತಂದ ಕೂಸನ್ನು ತಕ್ಕಡಿಯ ಮೇಲಿಡಲು ಅವಕಾಶವೆಲ್ಲಿಯದು? ವಯಸ್ಸಿಗೆ ನಾಲ್ಕನ್ನು ಕೂಡಿ ಎರಡರಿಂದ ಗುಣಿಸಿದರೆ ತೂಕ ಬರುತ್ತದೆಂಬ ಸೂತ್ರವೇ ಬಹುಕಾಲ ವೈದ್ಯರಿಗೆ ಊರುಗೋಲಾಗಿತ್ತು.

ಈ ಕ್ಲೇಶಕ್ಕೆ ಸಿಕ್ಕಿದ ಪರಿಹಾರವು, ನನ್ನ ಎಣಿಕೆಯಲ್ಲಿ, ಇಪ್ಪತ್ತನೆಯ ಶತಮಾನದ ವೈದ್ಯೋಪಕರಣಗಳಲ್ಲೆಲ್ಲ ಅತ್ಯಂತ ವಿನಯಶೀಲವಾದುದು. 1980ರ ದಶಕದಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದ ವೈದ್ಯ ಜೇಮ್ಸ್ ಬ್ರಾಸ್ಲೋ, ದರ್ಜಿಯವನ ಅಳತೆಪಟ್ಟಿಯನ್ನು ನೆನಪಿಸುವ ಒಂದು ಟೇಪನ್ನು ರೂಪಿಸಿದನು. ರಾಬರ್ಟ್ ಲೂಟೆನ್ ಎಂಬ ವೈದ್ಯನು ಅದನ್ನು ಬೆಳೆಸುವುದರಲ್ಲಿ ಜೊತೆಯಾದನು. ಮಗುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಅದನ್ನು ಹಾಸಿದರೆ, ಹಿಮ್ಮಡಿ ನಿಂತ ಕಡೆಯ ಬಣ್ಣವೇ, ಹಳದಿಯೋ ನೀಲಿಯೋ ನೇರಳೆಯೋ, ತೂಕವನ್ನೂ ಔಷಧದ ಪ್ರಮಾಣವನ್ನೂ ಉಸಿರಾಟದ ಕೊಳವೆಯ ಗಾತ್ರವನ್ನೂ ಒಮ್ಮೆಗೇ ಹೇಳಿಬಿಡುತ್ತದೆ. ಉದ್ದದಿಂದ ತೂಕವನ್ನು ಊಹಿಸುವ ಈ ವಿಧಾನದ ಪರೀಕ್ಷೆಯು 1988ರಲ್ಲಿ ಪ್ರಕಟವಾಯಿತು. ಸಂಖ್ಯೆಯು ಒಬ್ಬರ ತಲೆಯೊಳಗಿಂದ ಇಳಿದು ಹಾಸಿಗೆಯ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಬಂದು ಕುಳಿತದ್ದು ಆಗ.

ಆದರೂ ತಂಡದವರು ತಮ್ಮತಮ್ಮಲ್ಲಿ ತಪ್ಪಿಲ್ಲದೆ ಮಾತಾಡಿಕೊಳ್ಳುವ ಬಗೆ ಬಾಕಿ ಉಳಿದಿತ್ತು. ಅದರ ಪಾಠವು ಬಂದದ್ದು ವಿಮಾನಗಳಿಂದ. 1977ರಲ್ಲಿ ಟೆನೆರಿಫೆಯ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ಮೇಲೆ, ಅಪ್ಪಣೆಯನ್ನು ಕೇಳಿಸಿಕೊಂಡವನು ಅದನ್ನು ಬಾಯಿಬಿಟ್ಟು ಮರಳಿ ನುಡಿಯಬೇಕು, ಕಿರಿಯನು ಸಂಶಯವನ್ನು ನುಂಗಿಕೊಳ್ಳಬಾರದು ಎಂಬ ಶಿಸ್ತಿಗೆ ವೈಮಾನಿಕರು ಹೆಚ್ಚಿನ ಬೆಲೆ ಕೊಟ್ಟರು. ಅರಿವಳಿಕೆಯ ವೈದ್ಯರು ಅದನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಂದರು. ಅಲ್ಲಿಂದ ಅದು ಮಕ್ಕಳ ತುರ್ತು ಕೋಣೆಗೂ ಸಂದಿತು.

ಕೈಯಲ್ಲಿ ಹಿಡಿಯುವ ಪರದೆಯ ಕಾಲ ಬಂದಾಗ ಈ ಎರಡು ಎಳೆಗಳೂ ಅದರಲ್ಲಿ ಕೂಡಿಕೊಂಡವು. ಸ್ವಿಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಸಿದ್ಧವಾದ ಪೆಡ್‌ಅಮೈನ್ಸ್ ಎಂಬ ಆ್ಯಪ್, ಮಗುವಿನ ತೂಕವನ್ನು ತಿಳಿಸಿದೊಡನೆ ಯಾವ ಔಷಧವನ್ನು ಎಷ್ಟು ಎಳೆಯಬೇಕು, ಎಷ್ಟಕ್ಕೆ ತೆಳುಮಾಡಬೇಕು ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ನರ್ಸಿನ ಮುಂದಿಡುತ್ತದೆ. ಆ ದೇಶದ ಆರು ಮಕ್ಕಳ ತುರ್ತು ಘಟಕಗಳ 128 ನರ್ಸುಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಔಷಧದ ತಪ್ಪುಗಳು ಬಹುವಾಗಿ ತಗ್ಗಿದುವು. ತಂಡದ ನಾಯಕನ ಪರದೆಯನ್ನೂ ಔಷಧ ಬೆರೆಸುವವರ ಪರದೆಯನ್ನೂ ಒಂದಕ್ಕೊಂದು ಹೊಂದಿಸಿ, ಅಪ್ಪಣೆಯು ಕಿವಿಗೆ ಮಾತ್ರವಲ್ಲದೆ ಕಣ್ಣಿಗೂ ತಲಪುವಂತೆ ಮಾಡುವ ಪ್ರಯತ್ನವೂ ಅಲ್ಲಿ ನಡೆಯಿತು. ಇಟಲಿಯ ಪಾಡುವಾದವರು ನಾಯಕನಿಗೆ ದಾರಿ ತೋರುವ ಬೇರೊಂದು ಆ್ಯಪನ್ನು ಮಾಡಿಕೊಂಡರು. ಜಿನೀವಾದವರ ಆ ಪರೀಕ್ಷೆಯಲ್ಲಿ ಮಲಗಿದ್ದುದು ಬೊಂಬೆ ಎಂಬುದನ್ನು ಮಾತ್ರ ಮರೆಯತಕ್ಕುದಲ್ಲ, ಬೊಂಬೆಗೆ ತಾಯಿಯಿಲ್ಲ.

ನಮ್ಮ ದೇಶದ ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ಅಮೆರಿಕದ ಮಕ್ಕಳನ್ನು ಅಳೆದು ಮಾಡಿದ ಟೇಪನ್ನು ಮುಂಬಯಿಯ ಕಡೆಯ ಮಕ್ಕಳ ಪಕ್ಕದಲ್ಲಿ ಹಾಸಿ ನೋಡಿದವರಿಗೆ, ಹತ್ತು ಕಿಲೋಗೆ ಮೇಲ್ಪಟ್ಟವರಲ್ಲಿ ಅದು ನಿಜಕ್ಕಿಂತ ಹೆಚ್ಚಿನ ತೂಕವನ್ನು ಹೇಳುತ್ತಿದ್ದುದು ಕಂಡುಬಂದಿತು. ನಮ್ಮ ಮಕ್ಕಳು ಅಷ್ಟೇ ಉದ್ದವಿದ್ದರೂ ಬಡಕಲು. ಪರದೆಯು ಎಷ್ಟೇ ಚತುರವಾಗಿದ್ದರೂ ಮೊದಲು ಕೇಳುವುದು ಆ ತೂಕವನ್ನೇ. ಅದನ್ನು ತುಂಬಲು ಎಷ್ಟೋ ಕಡೆ ಟ್ರಾಲಿಯ ಡ್ರಾಯರಿನಿಂದ ಹಳೆಯ ಬಣ್ಣದ ಟೇಪನ್ನೇ ಎಳೆಯುತ್ತಾರೆ.