ಹಕ್ಕಿ ಯಾರದ್ದು? ಎರಡು ದೇಶಗಳ ಜೋಡುನಳಿಗೆ ಕೋವಿಯ ಕಥೆ

ಕೊಡಗು, ಮಲೆನಾಡಿನ ಓದುಗರಿಗೆ ಜೋಡುನಳಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರ ಮನೆಗಳಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಬಯಲುಸೀಮೆಯ ನಾವು ಅದನ್ನು ಹೆಚ್ಚಾಗಿ ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ, ಕಾವಲುಗಾರರ ಹೆಗಲ ಮೇಲೆ. ಒಂದು ಮರದ ಹಿಡಿ, ಪಕ್ಕಪಕ್ಕದಲ್ಲಿ ಎರಡು ನಳಿಗೆ, ಎರಡು ತೋಟಾ. ಒಂದು ಈಡು ತಪ್ಪಿದರೆ ಇನ್ನೊಂದು ಇದೆ.

ಈ ಕೋವಿ ಬೆಳೆದದ್ದು ಹಕ್ಕಿ ಬೇಟೆಗಾಗಿ. ಹಳೆಯ ಕೋವಿಗಳನ್ನು ಬಲ್ಲವರು ಒಂದೆಡೆ ಸೇರಿದರೆ ಒಂದು ವಾದ ಬಂದೇ ಬರುತ್ತದೆ: ಇಂಗ್ಲೆಂಡಿನದ್ದು ಮೇಲೋ, ಅಮೆರಿಕದ್ದು ಮೇಲೋ? ಆ ವಾದ ಇವತ್ತಿಗೂ ತೀರಿಲ್ಲ. ನಾವು ಅದನ್ನು ತೀರಿಸಲು ಹೊರಟಿಲ್ಲ. ನಮಗೆ ಮುಖ್ಯ ಅನ್ನಿಸಿದ್ದು ಬೇರೆ ಪ್ರಶ್ನೆ. ಆ ಕೋವಿ ಹೊಡೆಯುತ್ತಿದ್ದ ಹಕ್ಕಿ ಯಾರದ್ದಾಗಿತ್ತು? ಇದಕ್ಕೆ ಉತ್ತರ ಸಿಕ್ಕರೆ ಕೋವಿಯ ತೂಕ, ಆಕಾರ, ಬೆಲೆ ಎಲ್ಲಕ್ಕೂ ಕಾರಣ ತಾನಾಗಿಯೇ ತಿಳಿಯುತ್ತದೆ.

ಇಂಗ್ಲೆಂಡ್: ಧಣಿಯ ಹಕ್ಕಿ

ಇಂಗ್ಲೆಂಡಿನಲ್ಲಿ 1671ರಲ್ಲಿ ಒಂದು ಕಾನೂನು ಬಂತು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಜಮೀನು ಇದ್ದವರು, ಇಲ್ಲವೇ ದೊಡ್ಡ ಮನೆತನದವರು ಮಾತ್ರ ಬೇಟೆಯಾಡಬಹುದು. ಆಗಿನ ಲೆಕ್ಕದಲ್ಲಿ 100 ಪೌಂಡ್ ಎಂದರೆ ದೊಡ್ಡ ಜಮೀನ್ದಾರಿಕೆ. ಹೊಲ ಉಳುವ ಗೇಣಿದಾರ ತನ್ನ ಬೆಳೆಯನ್ನು ಫೆಸೆಂಟ್ ಹಕ್ಕಿ (ನಮ್ಮ ಕಾಡುಕೋಳಿಯ ದೂರದ ನೆಂಟ) ಮೇಯುವುದನ್ನು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ.

1828ರಲ್ಲಿ ರಾತ್ರಿ ಕಳ್ಳಬೇಟೆಯ ಮೇಲೆ ಇನ್ನೂ ಬಿಗಿಯಾದ ಕಾನೂನು ಬಂತು. ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಕಠಿಣ ಸಜೆ. ಮೂರನೇ ಸಲ ಸಿಕ್ಕಿಬಿದ್ದರೆ ಸಮುದ್ರದಾಚೆಗೆ 7 ವರ್ಷದವರೆಗೆ ಗಡಿಪಾರು ಮಾಡಬಹುದಿತ್ತು. ಮನೆಯವರ ಹೊಟ್ಟೆಗೆಂದು ಒಂದು ಮೊಲ ಹಿಡಿದವನಿಗೂ ಇದೇ ಕಾನೂನು.

1831ರಲ್ಲಿ ಆಸ್ತಿಯ ಷರತ್ತು ಹೋಯಿತು. ದುಡ್ಡು ಕಟ್ಟಿ ಲೈಸೆನ್ಸ್ ಪಡೆದವರು ಬೇಟೆಯಾಡಬಹುದಾಯಿತು. ಆದರೆ ಜಮೀನಿನ ಧಣಿಯ ಒಪ್ಪಿಗೆ ಬೇಕೇ ಬೇಕು. ಗೇಣಿ ಪತ್ರದಲ್ಲಿ ಧಣಿಗಳು ಬೇಟೆಯ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ತನ್ನ ಹೊಲಕ್ಕೆ ನುಗ್ಗುವ ಮೊಲವನ್ನು ಹೊಡೆಯುವ ಹಕ್ಕು ಗೇಣಿದಾರನಿಗೆ ಸಿಕ್ಕಿದ್ದು 1880ರಲ್ಲಿ. ಹಕ್ಕಿಗಳ ವಿಷಯದಲ್ಲಿ ಆಗಲೂ ಸಿಗಲಿಲ್ಲ.

ಹೀಗಾಗಿ ಒಳ್ಳೆಯ ಕೋವಿ ಕೊಳ್ಳುವವರು ಕೆಲವೇ ಜನ, ಆದರೆ ಎಷ್ಟು ಬೇಕಾದರೂ ಖರ್ಚು ಮಾಡುವ ಜನ. ಲಂಡನ್ನಿನ ಕುಶಲಕರ್ಮಿಗಳು ಬೆಳೆದದ್ದು ಇವರ ದುಡ್ಡಿನಲ್ಲಿ. ಜೋಸೆಫ್ ಮಾಂಟನ್ ಜೋಡುನಳಿಗೆಗೆ ಒಂದು ಅಚ್ಚುಕಟ್ಟಾದ ರೂಪ ಕೊಟ್ಟ. ಅವನ ಬಳಿ ಕೆಲಸ ಮಾಡಿದ್ದ ಜೇಮ್ಸ್ ಪರ್ಡಿ 1814ರಲ್ಲಿ ಸ್ವಂತ ಅಂಗಡಿ ತೆರೆದ. 1835ರಲ್ಲಿ ಹ್ಯಾರಿಸ್ ಹಾಲೆಂಡ್ ಶುರುಮಾಡಿದ ಅಂಗಡಿ ಮುಂದೆ ಹಾಲೆಂಡ್ ಅಂಡ್ ಹಾಲೆಂಡ್ ಆಯಿತು.

ಅಲ್ಲಿಯವರೆಗೆ ಕೋವಿಯ ಬಾಯಿಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕಿತ್ತು. ನಮ್ಮ ಕೇಪಿನ ಕೋವಿಯ ಹಾಗೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೆ ಕೋವಿ ಕಾಣಿಸಿತು. ನಳಿಗೆಯನ್ನು ಕೆಳಕ್ಕೆ ಮಡಚಿ ಹಿಂದಿನಿಂದ ತೋಟಾ ಹಾಕಿದರೆ ಮುಗಿಯಿತು. ಇದು ಬಂದದ್ದೇ ಬೇಟೆಯ ರೀತಿ ಬದಲಾಯಿತು. ಮೊದಲು ನಾಯಿಯ ಹಿಂದೆ ನಡೆದು ಹಕ್ಕಿ ಎಬ್ಬಿಸುತ್ತಿದ್ದ ಧಣಿಗಳು ಒಂದೇ ಕಡೆ ನಿಂತುಕೊಂಡರು. ಹಳ್ಳಿಯ ಜನ ಕೋಲು ಹಿಡಿದು ಪೊದೆ ಬಡಿಯುತ್ತ, ಮಲೆನಾಡಿನಲ್ಲಿ ಹಿಂದೆ ಕಾಡು ಸೋವುತ್ತಿದ್ದಂತೆ, ಹಕ್ಕಿಗಳನ್ನು ಅವರ ತಲೆಯ ಮೇಲೆ ಹಾರುವಂತೆ ಅಟ್ಟಿದರು.

ನೂರಾರು ಹಕ್ಕಿ ಒಟ್ಟಿಗೆ ಹಾರಿ ಬರುವಾಗ ಕೋವಿ ಹಗುರವಾಗಿರಬೇಕು, ಬೇಗ ತಿರುಗಬೇಕು, ದಿನಕ್ಕೆ ನೂರಾರು ಈಡು ಹೊಡೆದರೂ ಹೆಗಲು ನೋಯಬಾರದು. ಇಂಗ್ಲಿಷ್ ಕೋವಿಯ ಲಕ್ಷಣಗಳೆಲ್ಲ ಇಲ್ಲಿಂದಲೇ ಬಂದವು. 12 ಬೋರಿನ ಕೋವಿಗೆ ಸುಮಾರು 2.9 ಕೆ.ಜಿ. ತೂಕ, ತೋಟಾದಲ್ಲಿ ಸುಮಾರು 30 ಗ್ರಾಂ ಚರೆ. (12 ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ.) ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಒಂದು ಲೆಕ್ಕ ಹೇಳಿದ್ದ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು, ಇಲ್ಲದಿದ್ದರೆ ಹೆಗಲಿಗೆ ಒದೆಯುತ್ತದೆ. 30 ಗ್ರಾಂ ಅನ್ನು 96ರಿಂದ ಗುಣಿಸಿ ನೋಡಿ, ಆ 2.9 ಕೆ.ಜಿ. ಹತ್ತಿರಕ್ಕೇ ಬರುತ್ತದೆ.

1875ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಹೊಸ ಕೀಲು ತಂದರು. ಹೊರಗೆ ಕಾಣುತ್ತಿದ್ದ ಕೋವಿಕುದುರೆ ಒಳಗೆ ಸೇರಿತು. ನಳಿಗೆ ಮಡಚಿದರೆ ಸಾಕು, ಕುದುರೆ ತಾನೇ ಏರುತ್ತಿತ್ತು. 1880ರಲ್ಲಿ ಬೀಸ್ಲಿ ಎಂಬ ಕುಶಲಕರ್ಮಿಯ ಕೀಲನ್ನು ಪರ್ಡಿಯವರು ಕೊಂಡರು. ಬೀಗ ತೆಗೆದರೆ ಒಳಗಿನ ಸ್ಪ್ರಿಂಗ್ ನಳಿಗೆಯನ್ನು ತಾನೇ ತೆರೆಸುತ್ತಿತ್ತು. ಧಣಿ ಒಂದು ಕೋವಿ ಹೊಡೆಯುವಷ್ಟರಲ್ಲಿ ಪಕ್ಕದ ಆಳು ಅದರ ಜೊತೆಯ ಇನ್ನೊಂದಕ್ಕೆ ತೋಟಾ ತುಂಬಿ ಕೊಡುತ್ತಿದ್ದ. ಒಂದೇ ತೂಕ, ಒಂದೇ ಅಳತೆಯ ಎರಡು ಕೋವಿಗಳ ಜೊತೆ ಮಾರುವ ಪದ್ಧತಿ ಬೆಳೆದದ್ದು ಹೀಗೆ.

ಕೆಲಸವೆಲ್ಲ ಕೈಯಲ್ಲೇ. ಒಂದು ಭಾಗಕ್ಕೆ ದೀಪದ ಮಸಿ ಹಚ್ಚಿ ಇನ್ನೊಂದಕ್ಕೆ ಕೂರಿಸುವುದು, ಮಸಿ ತಗುಲಿದ ಕಡೆ ಅರದಿಂದ ಉಜ್ಜುವುದು, ಮತ್ತೆ ಕೂರಿಸುವುದು. ಕೊನೆಗೆ ಸರ್ಕಾರಿ ಕಾನೂನಿನಂತೆ ಪರೀಕ್ಷೆ. ಲಂಡನ್ ಕೋವಿಗಾರರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು, ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮನೆ 1813ರದ್ದು. ಹೆಚ್ಚು ಮದ್ದು ತುಂಬಿ ಹೊಡೆದು, ನಳಿಗೆ ತಡೆದರೆ ಮಾತ್ರ ಮುದ್ರೆ. ಅಮೆರಿಕದಲ್ಲಿ ಇಂಥ ಕಡ್ಡಾಯ ಪರೀಕ್ಷೆ ಇರಲಿಲ್ಲ, ಅಲ್ಲಿ ಕಂಪನಿಯ ಮಾತೇ ಭರವಸೆ.

ಅಮೆರಿಕ: ಯಾರದ್ದೂ ಅಲ್ಲದ ಹಕ್ಕಿ

ಅಮೆರಿಕಕ್ಕೆ ಹೋಗಿ ನೆಲೆಸಿದವರು ಧಣಿಯ ಈ ಹಕ್ಕನ್ನು ಅಲ್ಲಿ ಬೇರೂರಲು ಬಿಡಲಿಲ್ಲ. ಬೇಲಿ ಇಲ್ಲದ ಬಯಲು, ಕಾಡು, ಕೆರೆ ಎಂದರೆ ಯಾರು ಬೇಕಾದರೂ ಹೋಗಿ ಹೊಡೆಯಬಹುದು. ಅಲ್ಲಿನ ರೈತನಿಗೆ ಜೊತೆ ಕೋವಿ ಬೇಡ, ತುಂಬಿಕೊಡುವ ಆಳೂ ಇಲ್ಲ. ಒಂದೇ ಕೋವಿ ಬೇಕು. ಅದರಲ್ಲೇ ಬಾತು, ಗೌಜಲು ಜಾತಿಯ ಹಕ್ಕಿ ಎಲ್ಲ ಬೀಳಬೇಕು, ಕೋಳಿಗೂಡಿಗೆ ಬಂದ ನರಿಯೂ ಬೀಳಬೇಕು. ಮಳೆಯಲ್ಲಿ ನೆನೆದರೂ, ದೋಣಿಯಲ್ಲಿ ಬಿದ್ದರೂ ಕೆಡಬಾರದು.

ಇಂಥ ಕೋವಿ ಮಾಡಿದವರ ಹಿನ್ನೆಲೆಯೂ ಬೇರೆ. ಕನೆಕ್ಟಿಕಟ್ ರಾಜ್ಯದ ಮೆರಿಡನ್ ಊರಿನ ಚಾರ್ಲ್ಸ್ ಪಾರ್ಕರ್ 1832ರ ಸುಮಾರಿಗೆ ಮಾಡುತ್ತಿದ್ದದ್ದು ಕಾಫಿ ಬೀಜ ಬೀಸುವ ಯಂತ್ರ. ಅಂತರ್ಯುದ್ಧದಲ್ಲಿ (1861-65) ಅವನ ಕಾರ್ಖಾನೆ ಸೈನ್ಯಕ್ಕೆ ಬಂದೂಕು ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಅದೇ ಯಂತ್ರಗಳು ಹಕ್ಕಿ ಕೋವಿಗೆ ತಿರುಗಿದವು. ಸಿರಕ್ಯೂಸ್ ಊರಿನ ಎಲ್. ಸಿ. ಸ್ಮಿತ್ ಮೊದಲು ಕೋವಿ ಮಾಡಿ, ಆಮೇಲೆ ಆ ವ್ಯಾಪಾರ ಮಾರಿ ಟೈಪ್‌ರೈಟರ್‌ಗೆ ಇಳಿದ. ಕೋವಿಯ ಕೀಲು, ಟೈಪ್‌ರೈಟರ್ ಎರಡನ್ನೂ ರೂಪಿಸಿದವನು ಅಲೆಕ್ಸಾಂಡರ್ ಬ್ರೌನ್ ಎಂಬ ಒಬ್ಬನೇ. ಇಥಾಕಾ ಕಂಪನಿ 1883ರಲ್ಲಿ ಶುರುವಾಯಿತು. ಫಿಲಡೆಲ್ಫಿಯಾದ ಫಾಕ್ಸ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ.

ಇವರ ನಂಬಿಕೆ ಯಂತ್ರದ ಮೇಲೆ. ಅಂಚೆ ಮೂಲಕ ಸಾಮಾನು ಕಳಿಸುವ ಸಿಯರ್ಸ್ ಕಂಪನಿಯ ಪಟ್ಟಿಯಲ್ಲಿ ನೇಗಿಲು, ಹೊಲಿಗೆ ಯಂತ್ರದ ಜೊತೆಗೆ ಅಗ್ಗದ ಜೋಡುನಳಿಗೆಯೂ ಇರುತ್ತಿತ್ತು. ಪಾರ್ಕರ್ ಒಂದೇ ಹೆಸರಿನಲ್ಲಿ ಸುಮಾರು 2.4 ಲಕ್ಷ ಕೋವಿ ಹೊರಬಂದವು. ಸಾಮಾನ್ಯ 12 ಬೋರಿನ ತೂಕ ಸುಮಾರು 3.4 ಕೆ.ಜಿ., ಚರೆ ಸುಮಾರು 35 ಗ್ರಾಂ. ಗ್ರೀನರ್ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಇಂಗ್ಲಿಷ್ ಕೋವಿಯ ಹಿಡಿ ನೆಟ್ಟಗೆ, ಅಮೆರಿಕದ ಹಿಡಿ ಮುಷ್ಟಿಗೆ ಕೂರುವಂತೆ ಬಾಗಿರುವುದೇ ಹೆಚ್ಚು. ದೂರದ ಬಾತಿಗೂ ಚರೆ ಚದುರದೆ ತಲುಪಲಿ ಎಂದು ನಳಿಗೆಯ ಬಾಯಿ ಬಿಗಿ ಮಾಡಿರುತ್ತಿದ್ದರು.

ಇದನ್ನು ಗೆರೆ ಎಳೆದಂತೆ ನಂಬಬೇಡಿ. ಪಾರ್ಕರ್‌ನವರು ಚಿತ್ತಾರ ಕೆತ್ತಿದ ದುಬಾರಿ ಕೋವಿಯನ್ನೂ ಮಾಡಿದರು, ಬರ್ಮಿಂಗ್‌ಹ್ಯಾಮ್‌ನವರು ಬಡವರ ಸಾದಾ ಕೋವಿಯನ್ನೂ ಮಾಡಿದರು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗ ಹಕ್ಕಿಗೆಂದು ತನ್ನ ದೇಶದ ಫಾಕ್ಸ್ ಕೋವಿಯನ್ನೂ, ದೊಡ್ಡ ಪ್ರಾಣಿಗೆಂದು ಇಂಗ್ಲಿಷ್ ಗೆಳೆಯರು ಕೊಟ್ಟ ಹಾಲೆಂಡ್ ಜೋಡುನಳಿಗೆ ರೈಫಲ್ಲನ್ನೂ ಒಯ್ದಿದ್ದ.

ಎಂಟೂವರೆ ತಿಂಗಳ ಅಂತರದ ಎರಡು ದಿನ

1913ರ ಡಿಸೆಂಬರ್ 18. ಇಂಗ್ಲೆಂಡಿನ ಹಾಲ್ ಬಾರ್ನ್ ಎಸ್ಟೇಟಿನಲ್ಲಿ ಬೇಟೆ. ಬಂದಿದ್ದವನು ಐದನೇ ಜಾರ್ಜ್, ಎರಡು ವರ್ಷದ ಹಿಂದೆ ದೆಹಲಿ ದರ್ಬಾರಿಗೆ ಬಂದಿದ್ದ ಅದೇ ಚಕ್ರವರ್ತಿ. ಏಳು ಜನ ಒಂದೇ ದಿನ 3,937 ಫೆಸೆಂಟ್ ಹೊಡೆದರು. ಅರಸನೊಬ್ಬನದೇ ಸಾವಿರಕ್ಕೂ ಹೆಚ್ಚು. ವಾಪಸು ಬರುವಾಗ ಇವತ್ತು ಸ್ವಲ್ಪ ಅತಿಯಾಯಿತೇನೋ ಎಂದು ಅರಸನೇ ಅಂದದ್ದನ್ನು ಅವನ ಮಗ ಮುಂದೆ ಬರೆದಿದ್ದಾನೆ.

1914ರ ಸೆಪ್ಟೆಂಬರ್ 1. ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಮಾರ್ಥಾ ಎಂಬ ಹೆಣ್ಣು ಪಾರಿವಾಳ ಸತ್ತಿತು. ಅದು ಪ್ಯಾಸೆಂಜರ್ ಪಾರಿವಾಳ ಎಂಬ ಜಾತಿಯ ಕಟ್ಟಕಡೆಯ ಹಕ್ಕಿ. ನೂರು ವರ್ಷ ಹಿಂದೆ ಆ ಹಕ್ಕಿಗಳು 300ರಿಂದ 500 ಕೋಟಿ ಇದ್ದವು ಎಂದು ಅಂದಾಜು. ಹಿಂಡು ಹಾರಿದರೆ ಗಂಟೆಗಟ್ಟಲೆ ಬಿಸಿಲು ಮರೆಯಾಗುತ್ತಿತ್ತು. ಅವನ್ನು ಮುಗಿಸಿದ್ದು ಕೋವಿಯೊಂದೇ ಅಲ್ಲ. ಬಲೆ ಹಾಕಿ ಹಿಡಿದರು, ಗೂಡಿನ ಮರಿಗಳನ್ನೂ ಬಿಡಲಿಲ್ಲ, ಕಾಡು ಕಡಿದರು. ಹಕ್ಕಿ ಎಲ್ಲಿ ಇಳಿದಿದೆ ಎಂದು ತಂತಿ ಸುದ್ದಿ ಹೋಗುತ್ತಿತ್ತು, ರೈಲು ಪೀಪಾಯಿಗಟ್ಟಲೆ ಮಾಂಸವನ್ನು ಪಟ್ಟಣಕ್ಕೆ ಸಾಗಿಸುತ್ತಿತ್ತು.

ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಹಕ್ಕಿ ಧಣಿಯದ್ದು. ಅವನು ಕಾವಲುಗಾರರನ್ನಿಟ್ಟು ಮರಿ ಸಾಕಿಸಿದ. ದಿನಕ್ಕೆ ನಾಲ್ಕು ಸಾವಿರ ಸತ್ತರೂ ಮುಂದಿನ ವರ್ಷಕ್ಕೆ ಹಕ್ಕಿ ಇತ್ತು. ಆದರೆ ಅದಕ್ಕಾಗಿ ಬಡವ ಜೈಲಿಗೆ ಹೋದ. ಇನ್ನೊಂದು ಕಡೆ ಹಕ್ಕಿ ಯಾರದ್ದೂ ಅಲ್ಲ. ಬಡವನ ಮನೆಯಲ್ಲೂ ಒಳ್ಳೆಯ ಕೋವಿ ಇತ್ತು, ಅವನ ತಟ್ಟೆಗೂ ಮಾಂಸ ಬಂತು. ಕೊನೆಗೆ ಹಕ್ಕಿಯೇ ಉಳಿಯಲಿಲ್ಲ. ಇವೆರಡರಲ್ಲಿ ಒಂದನ್ನೂ ನ್ಯಾಯ ಎನ್ನಲು ನಮಗೆ ಆಗಲಿಲ್ಲ.

ಅಮೆರಿಕ ಮೂರನೇ ದಾರಿ ಹುಡುಕಿತು. ಪಾರ್ಕರ್ ಕೋವಿ ಹುಟ್ಟಿದ ಅದೇ ಕನೆಕ್ಟಿಕಟ್ ರಾಜ್ಯದ ಒಂದು ಮೊಕದ್ದಮೆಯಲ್ಲಿ, 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು: ಕಾಡುಹಕ್ಕಿ ಎಲ್ಲ ಜನರದ್ದು, ರಾಜ್ಯ ಅದರ ಕಾವಲುಗಾರ. 1900ರ ಲೇಸಿ ಕಾಯಿದೆ, ಕಾನೂನು ಮೀರಿ ಹೊಡೆದ ಹಕ್ಕಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1918ರಲ್ಲಿ ವಲಸೆ ಹಕ್ಕಿಗಳಿಗೆ ಕಾನೂನಿನ ರಕ್ಷಣೆ ಬಂತು. 1937ರಿಂದ ಕೋವಿ, ತೋಟಾ ಮೇಲಿನ ತೆರಿಗೆ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತಿದೆ.

ಅಷ್ಟರಲ್ಲಿ ಅಲ್ಲಿನ ಜೋಡುನಳಿಗೆಯ ಕಾಲ ಮುಗಿಯುತ್ತ ಬಂದಿತ್ತು. ಒಂದೇ ನಳಿಗೆಯಿಂದ ಐದಾರು ಈಡು ಹೊಡೆಯುವ ವಿಂಚೆಸ್ಟರ್ ಪಂಪ್ ಕೋವಿಗಳು ಅಗ್ಗವಾಗಿ ಬಂದವು. 1934ರಲ್ಲಿ ಪಾರ್ಕರ್ ಕಂಪನಿಯನ್ನು ರೆಮಿಂಗ್ಟನ್‌ನವರು ಕೊಂಡರು, ಎರಡನೇ ಮಹಾಯುದ್ಧದಲ್ಲಿ ಅದರ ತಯಾರಿಕೆ ನಿಂತಿತು. ಲಂಡನ್ನಿನ ಪರ್ಡಿ ಇವತ್ತಿಗೂ ಇದೆ, ಇವತ್ತಿಗೂ ಸಿರಿವಂತರಿಗಾಗಿಯೇ.

ನಮ್ಮ ಗೋಡೆಯ ಮೇಲಿನ ಕೋವಿ

ಬ್ರಿಟಿಷ್ ಆಳ್ವಿಕೆಯಲ್ಲಿ ನಮ್ಮ ಕಡೆ ಬಂದದ್ದು ಸಹಜವಾಗಿ ಇಂಗ್ಲಿಷ್ ಕೋವಿ, ಅಧಿಕಾರಿಗಳು ಮತ್ತು ಕಾಫಿ ತೋಟದ ದೊರೆಗಳ ಜೊತೆ. ಮಾಂಟನ್ ಹೆಸರಿನ ಅಂಗಡಿ ಕಲ್ಕತ್ತದಲ್ಲೇ ಇತ್ತು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಸಿದ ಸರ್ಕಾರ ಕೊಡವರಿಗೆ ವಿನಾಯಿತಿ ಕೊಟ್ಟಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದ್ದರೆ ಒಂದು ಮಾತು. ನಳಿಗೆಯ ಮೇಲೆ ಬಟ್ಟೆಯ ನೇಯ್ಗೆಯಂಥ ಸುರುಳಿ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ತೋಟಾ ಹಾಕಿದರೆ ಸಿಡಿದು ಕೈಯೇ ಹೋಗಬಹುದು. ಬಲ್ಲವರಿಗೆ ತೋರಿಸದೆ ಈಡು ಹೊಡೆಯಬೇಡಿ.

ಇನ್ನು ಹಕ್ಕಿಯ ಮಾತು. 1972ರ ವನ್ಯಜೀವಿ ಕಾಯಿದೆಯಂತೆ ಈಗ ನಮ್ಮಲ್ಲಿ ಹಕ್ಕಿ ಬೇಟೆ ಅಪರಾಧ. ಬಿತ್ತಿದ ಶೇಂಗಾ ಬೀಜವನ್ನು ನವಿಲು ಹೆಕ್ಕುವುದನ್ನು ಬದುವಿನ ಮೇಲೆ ನಿಂತು ನೋಡುವ ರೈತನಿಗೆ ಆ ಇಂಗ್ಲಿಷ್ ಗೇಣಿದಾರನ ಸಂಕಟ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ. ಅವನು ಹಕ್ಕಿ ಮುಟ್ಟದೆ ಇದ್ದದ್ದು ಧಣಿಯ ಮೋಜಿಗಾಗಿ, ನಾವು ಮುಟ್ಟದೆ ಇರುವುದು ಮಾರ್ಥಾಳ ಗತಿ ನವಿಲಿಗೆ ಬಾರದಿರಲಿ ಎಂದು. ಹಕ್ಕಿ ಎಲ್ಲರದ್ದು ಎನ್ನುವುದಾದರೆ ಅದು ತಿಂದ ಬೆಳೆಯ ನಷ್ಟವೂ ಎಲ್ಲರದ್ದಾಗಬೇಕು, ರೈತನೊಬ್ಬನದ್ದೇ ಆಗಬಾರದು. ಇದನ್ನು ನಾವು ಕೇಳುತ್ತಲೇ ಇರಬೇಕು.

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು ಹೊಡೆಯುತ್ತಾರೆ. ಮನೆಯಲ್ಲಿ ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುತ್ತದೆ, ಹಕ್ಕಿ ಬೀಳುವುದಿಲ್ಲ. ಹಕ್ಕಿಗೆಂದು ಹುಟ್ಟಿದ ಕೋವಿಗೆ ಈಗ ಉಳಿದಿರುವುದು ಈ ಕೆಲಸ.